‘ಹಯೇಟಸ್’ ಅಂದ್ರೆ ಸೂಟಿನಾ?

ಸಪ್ತಾಪುರದವಳು:
ನಮ್ಮ ತಂಗಿ ಯೂಟ್ಯೂಬ್‌ನಲ್ಲಿ ಅಡುಗೆ ವಿಡಿಯೋ ಹಾಕ್ತಾಳೆ. ಪರೀಕ್ಷೆ ಬಂತು ಅಂತ ಮೊನ್ನೆ ‘ಆನ್ ಹಯೇಟಸ್’ ಅಂತ ಬರೆದು ನಿಲ್ಲಿಸಿಬಿಟ್ಟಳು. ಇದು ನಮ್ಮ ಧಾರವಾಡದ ಸೂಟಿನೇ ಅಲ್ವಾ? ಆಫೀಸಿನಲ್ಲಿ ಚಹಾಕ್ಕೆ ಎದ್ದು ಹೋಗುವಾಗ ನಾನೂ ಹೀಗೆ ಹೇಳಬಹುದಾ?

ಹಳೇ ಹುಬ್ಬಳ್ಳಿ:
ಹೇಳಿ ನೋಡಿ, ಎಲ್ಲರೂ ನಗ್ತಾರೆ. ಚಹಾಕ್ಕೆ ‘ಬ್ರೇಕ್’ ಸಾಕು. ನಡೀತಾ ಇದ್ದ ಕೆಲಸ ವಾರಗಟ್ಟಲೆ, ತಿಂಗಳುಗಟ್ಟಲೆ ನಿಂತರೆ ಅದು ಹಯೇಟಸ್. ತಂಗಿ ಸರಿಯಾಗೇ ಬರೆದಿದ್ದಾಳೆ. ಸೂಟಿ ಅಂದ್ರೆ ಆರಾಮ, ಇಲ್ಲಿ ಆರಾಮ ಇರಲೇಬೇಕು ಅಂತಿಲ್ಲ, ಪಾಪ ಅವಳು ಓದ್ತಾ ಕೂತಿರಬೇಕು. ಅಂದ ಹಾಗೆ ಸಬ್ಯಾಟಿಕಲ್ ಜೊತೆ ಇದನ್ನು ಕಲಸಬೇಡಿ. ಅದು ಮೊದಲು ಪ್ರೊಫೆಸರ್‌ಗಳಿಗೆ ಏಳು ವರ್ಷಕ್ಕೊಮ್ಮೆ ಕೊಡುತ್ತಿದ್ದ ರಜೆ, ಹಾರ್ವರ್ಡ್‌ನಲ್ಲಿ 1880ರಲ್ಲಿ ಶುರುವಾಯಿತು.

ಗದಗ ಮೇಷ್ಟ್ರು:
ಮೂಲ ಲ್ಯಾಟಿನ್. ಬಾಯಿ ತೆರೆದುಕೊಂಡಿರುವುದು, ಸಂದು ಅನ್ನೋ ಅರ್ಥ. ಅದಕ್ಕೇ ಅನ್ನನಾಳ ಎದೆಯಿಂದ ಹೊಟ್ಟೆಗೆ ಇಳಿಯುವ ಕಿಂಡಿಗೂ ಡಾಕ್ಟರ್‌ಗಳು ಹಯೇಟಸ್ ಅಂತಾರೆ, ಹೊಟ್ಟೆಯ ಭಾಗ ಅಲ್ಲಿಂದ ಮೇಲೆ ನುಗ್ಗಿದರೆ ಹಯೇಟಸ್ ಹರ್ನಿಯಾ. ವ್ಯಾಕರಣದಲ್ಲೂ ಇದೆ: ಎರಡು ಸ್ವರ ಪಕ್ಕಪಕ್ಕ ಬಂದು ನಡುವೆ ವ್ಯಂಜನ ಇಲ್ಲದಿದ್ದರೆ ಹಯೇಟಸ್. ಕನ್ನಡಕ್ಕೆ ಅದು ಜಾಸ್ತಿ ಸೇರಲ್ಲ. ಮನೆ + ಅಲ್ಲಿ ಅಂದಾಗ ನಡುವೆ ‘ಯ’ ತಂದು ಮನೆಯಲ್ಲಿ ಅಂತೀವಿ, ಗುರು + ಅನ್ನು ಇದ್ದರೆ ‘ವ’ ತಂದು ಗುರುವನ್ನು. ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ ಆಗಮ ಸಂಧಿ ಇದೇ!

ಸಪ್ತಾಪುರದವಳು:
ಅಯ್ಯೋ, ಮೇಷ್ಟ್ರು ನನ್ನನ್ನು ಎಂಟನೇ ಇಯತ್ತೆಗೆ ವಾಪಸ್ ಕಳಿಸಿದರು. ನಾನು ಚಹಾಕ್ಕೆ ಹೊರಟೆ.