ಜೈಲಿಗೆ ಹೋಗಿ ಬಂದ ಹುಡುಗನ್ನ ಮತ್ತ ಟೀಮಿಗೆ ತಗೋಬೇಕೋ ಬ್ಯಾಡೋ?

ನವನಗರ ಪಿ.ಟಿ. ಮಾಸ್ತರ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ್ರಿ. 26 ವರ್ಷ ಪಿ.ಟಿ. ಮಾಸ್ತರಕಿ ಮಾಡಿ ರಿಟೈರ್ ಆಗೇನಿ. ಈಗ ಸಂಜೀಕ ನವನಗರದಾಗ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡ್ತೀನಿ, ರೊಕ್ಕ ತಗೋಳೂದಿಲ್ಲ. 15 ದಿನದಿಂದ ಒಂದು ವಿಷಯ ತಲ್ಯಾಗ ಕುಂತು ನಿದ್ದಿ ಕೆಡಿಸೇತಿ, ಅದಕ್ಕ ನಿಮ್ಮನ್ನ ಕೇಳಾಕತ್ತೀನಿ.

ಆರನೇತ್ತದಿಂದ ನನ್ನ ಹತ್ರ ಕಲ್ತ ಹುಡುಗ ಒಬ್ಬ ಅದಾನ. ಹೆಸರು ಬ್ಯಾಡ. ಎಡಚ. ಒಳಗ ನುಗ್ಗಿದಾಗ ಕಡೀ ಹೆಜ್ಜಿ ಒಂದೀಟು ತಡದು ಇಡ್ತಾನ. ಅಡ್ಡ ನಿಂತಾಂವ ಅಷ್ಟರಾಗ ಹಾರಿ ಕೆಳಗ ಇಳದಿರ್ತಾನ, ಆಮ್ಯಾಲೆ ಇಂವ ಬಾಲ್ ಬೋರ್ಡಿಗೆ ಮುಟ್ಟಸ್ತಾನ. ಅದನ್ನ ನಾ ಕಲಿಸಿದ್ದಲ್ಲ.

2022ರ ಹೋಳಿ. ನಮ್ಮೂರ ಹೋಳಿ ನಿಮಗ ಗೊತ್ತ ಐತಿ, ಬಂಡಿ ಮ್ಯಾಲೆ ಬಣ್ಣದ ಬ್ಯಾರಲ್ಲು, ರಾತ್ರಿಯೆಲ್ಲಾ ಹಲಗಿ. ಹಲಗಿ ಬಾರಿಸೂ ಜಾಗಾದ ಸಲುವಾಗಿ ಎರಡು ಓಣಿ ಹುಡುಗರಿಗೆ ಜಗಳ ಹತ್ತಿತು. ಇಂವ ಆವಾಗ 19 ವರ್ಷದಾಂವ. ಬಡಿಗಿ ತಗೊಂಡು ಒಬ್ಬ ಹುಡುಗನ ಬಲಗೈಗೆ ಹೊಡದ, ಮೊಣಕೈ ಎಲುಬು ಚೂರಾತು. ಕೇಸ್ ನಡದು 1 ವರ್ಷ ಶಿಕ್ಷೆ ಆತು. ಈಗ ಮುಗಿಸಿ ಬಂದಾನ. ಬಂದ ಮೂರನೇ ದಿನ ಗ್ರೌಂಡ್ ಗೇಟಿನ ಹೊರಗ ಬೈಕ್ ಮ್ಯಾಲೆ ಕುಂತು ಆಟ ನೋಡಕೋತ ಇದ್ದ. ಕರದ್ರೂ ಒಳಗ ಬರಲಿಲ್ಲ.

ಮುಂದಿನ ತಿಂಗಳು ಟೂರ್ನಮೆಂಟ್ ಐತಿ. ಅಂವ ಬಂದ್ರ ನಮ್ಮ ಮಕ್ಕಳನ್ನ ಕಳಸಂಗಿಲ್ಲ ಅಂತ ನಾಕು ಮಂದಿ ತಂದಿ-ತಾಯಿ ಕಡ್ಡಿ ಮುರದಂಗ ಹೇಳ್ಯಾರ.

ನನಗ ಅಮೆರಿಕಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಅಲೆನ್ ಐವರ್ಸನ್ ನೆಪ್ಪಾಗ್ತಾನ. 1993ರ ಫೆಬ್ರುವರಿ, ವರ್ಜೀನಿಯಾದ ಹ್ಯಾಂಪ್ಟನ್ ಊರಾಗ, ಬೌಲಿಂಗ್ ಆಡೂ ಜಾಗಾದಾಗ ಹೊಡದಾಟ. ಒಬ್ಬ ಹೆಣ್ಣಮಗಳ ತಲಿಗೆ ಕುರ್ಚಿಯಿಂದ ಹೊಡದ ಅಂತ ಅವನ ಮ್ಯಾಲೆ ಆರೋಪ. ಹೊಡದಾಟದಾಗ 17 ವರ್ಷದಾಂವ ಇದ್ದ ಹುಡುಗಗ 15 ವರ್ಷ ಶಿಕ್ಷೆ, ಅದರಾಗ 10 ವರ್ಷ ಅಮಾನತು. 4 ತಿಂಗಳು ಒಳಗಿದ್ದ, ಆಮ್ಯಾಲೆ ಗವರ್ನರ್ ಡಗ್ಲಸ್ ವೈಲ್ಡರ್ ಬಿಡುಗಡೆ ಮಾಡಿದ್ರು. ಯಾವ ಕಾಲೇಜೂ ಹತ್ರ ಕರೀಲಿಲ್ಲ. ಅವನ ತಾಯಿ ಹೋಗಿ ಕೈಮುಗದು ಕೇಳಿದ ಮ್ಯಾಲೆ ಜಾರ್ಜ್‌ಟೌನ್ ಯುನಿವರ್ಸಿಟಿ ಕೋಚ್ ಜಾನ್ ಥಾಮ್ಸನ್ ತಗೊಂಡ್ರು. ಎನ್‌ಬಿಎ ಅಂದ್ರ ಅಲ್ಲಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್; ಅದರ ಟೀಮುಗಳು ಹೊಸ ಆಟಗಾರರನ್ನ ಆರಿಸೂ 1996ರ ಡ್ರಾಫ್ಟಿನಾಗ ಮೊದಲನೇ ಹೆಸರು ಅವಂದ. 2001ಕ್ಕ ಎಂವಿಪಿ, ಅಂದ್ರ ಆ ವರ್ಷದ ಲೀಗಿನ ಶ್ರೇಷ್ಠ ಆಟಗಾರ.

ನಮ್ಮ ಹುಡುಗನ ತಾಯಿನೂ ಮೊನ್ನೆ ಮನೀಗೆ ಬಂದಿದ್ರು. ಖಡಕ್ ರೊಟ್ಟಿ ಬಡದು ಮಾರ್ತಾರ. ಒಂದು ಕಟ್ಟು ರೊಟ್ಟಿ ಕಟ್ಟಿ ಮ್ಯಾಲಿಟ್ಟು, ಏನೂ ಮಾತಾಡದ ಎದ್ದು ಹೋದ್ರು. ನಾ ಏನ್ ಮಾಡ್ಲಿ?

ಬೆಳಗಾವಿ ವಕೀಲ

ಮಾಸ್ತರ್ರೇ, ಐವರ್ಸನ್‌ನ ಉದಾಹರಣೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. 1995ರಲ್ಲಿ ಮೇಲ್ಮನವಿ ಕೋರ್ಟು ಸಾಕ್ಷ್ಯ ಸಾಲದು ಎಂದು ಅವನ ಶಿಕ್ಷೆಯನ್ನೇ ರದ್ದು ಮಾಡಿತು. ನಿಮ್ಮ ಹುಡುಗ ಹೊಡೆದದ್ದು ನಿಜ, ನೀವೇ ಬರೆದಿದ್ದೀರಿ.

ಇನ್ನೊಂದು ಮಾತು. ಅಮೆರಿಕದಲ್ಲಿ ಒಬ್ಬ ಕೋಚ್, ಒಬ್ಬ ಮಾಲೀಕ ಮನಸ್ಸು ಮಾಡಿದರೆ ದಾರಿ ತೆರೆಯುತ್ತದೆ. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ತುಂಬಬೇಕಾದರೆ ರೈಲ್ವೆ, ಸೇನೆ, ಬ್ಯಾಂಕು, ಪೊಲೀಸ್ ಇಲಾಖೆಯ ಸ್ಪೋರ್ಟ್ಸ್ ಕೋಟಾ ನೌಕರಿಯೇ ಗತಿ. ಅಲ್ಲಿ ಪೊಲೀಸ್ ವೆರಿಫಿಕೇಶನ್ ಫಾರ್ಮ್ ಬರುತ್ತದೆ. 18 ತುಂಬದ ಮಕ್ಕಳ ತಪ್ಪು ಮುಂದೆ ಅನರ್ಹತೆಯಾಗಿ ಕಾಡಬಾರದು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ, ಅದಕ್ಕೂ ಕೆಲವು ಅಪವಾದಗಳಿವೆ. ನಿಮ್ಮವನಿಗೆ ಆಗ 19. ಆ ಆಸರೆ ಅವನಿಗಿಲ್ಲ. ಆದರೂ ಫಾರ್ಮಿನಲ್ಲಿ ಮುಚ್ಚಿಡಬೇಡ ಎಂದು ಈಗಲೇ ಹೇಳಿಬಿಡಿ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಹೇಳಿದೆ: ಕೊಡುವ ಮಾಹಿತಿ ನಿಜವಿರಬೇಕು. ನಿಜ ಹೇಳಿದವನನ್ನೂ ಇಲಾಖೆ ಬೇಡ ಅನ್ನಬಹುದು, ಆದರೆ ಮುಚ್ಚಿಟ್ಟವನಿಗೆ ಆ ಸುಳ್ಳೇ ಎರಡನೇ ತಪ್ಪಾಗುತ್ತದೆ.

ಹಳೇ ಸೆಂಟರ್ (ವಿಜಯಪುರ)

ತಗೋರಿ ಸರ್, ಏನೂ ವಿಚಾರ ಮಾಡಬ್ಯಾಡ್ರಿ. ಎನ್‌ಬಿಎ ಆಟಗಾರ ರಾನ್ ಆರ್ಟೆಸ್ಟ್ 2004ರಾಗ ಆಟ ಬಿಟ್ಟು ಪ್ರೇಕ್ಷಕರ ಗ್ಯಾಲರಿಗೇ ನುಗ್ಗಿ ಹೊಡದಾಂವ. 86 ಆಟ ಹೊರಗ ಕುಂಡ್ರಿಸಿದ್ರು, ಕೋರ್ಟು ಪ್ರೊಬೇಷನ್ (ಜೈಲಿಗೆ ಹಾಕದ ಮ್ಯಾಲೆ ಕಣ್ಣಿಡೂ ಶಿಕ್ಷೆ) ಹಾಕಿತು. ಅದ ಮನಷ್ಯಾ 2010ರಾಗ ಲೇಕರ್ಸ್ ಟೀಮಿನ ಸಂಗಾಟ ಚಾಂಪಿಯನ್ ಆದ, 2011ರಾಗ ಸಮಾಜಸೇವಾಕ್ಕ ಎನ್‌ಬಿಎದ ಪ್ರಶಸ್ತಿನೂ ಬಂತು. ಗ್ರೌಂಡಿಗೆ ಬರಬ್ಯಾಡ ಅಂದ್ರ ಈ ಹುಡುಗ ಸಂಜೀಕ ಎಲ್ಲಿ ಹೋಗಬೇಕ್ರಿ? ಕೈಗೆ ಬಡಿಗಿ ಕೊಡೂ ಗೆಳ್ಯಾರ ಕಟ್ಟಿಗೇ ಹೋಗ್ತಾನ.

ಇಳಕಲ್ ಅಕ್ಕ

ಮೂರು ಮಂದಿ ಬರದೀರಿ, ಮೂರೂ ಮಂದಿ ಹೊಡದಾವನ ಬಗ್ಗೆನ ಬರದೀರಿ. ಕೈ ಮುರಕೊಂಡ ಹುಡುಗ ಈಗ ಏನ್ ಮಾಡ್ತಾನ ಅಂತ ಒಬ್ಬರೂ ಕೇಳಲಿಲ್ಲಲ್ರಿ.

ನನ್ನ ತಮ್ಮಗ ಇಂಥದ ಜಗಳದಾಗ ಪೆಟ್ಟು ಬಿದ್ದು 9 ವರ್ಷ ಆತು. ಎಡಗಿವಿ ಕೇಳಸೂದಿಲ್ಲ. ಊಟಕ್ಕ ಕುಂತಾಗ ಇವತ್ತಿಗೂ ಬಲಗಡೆ ಬಂದು ಕುಂಡ್ರು ಅಂತಾನ. ಹೊಡದಾಂವ ಮುಂದ ಕಬಡ್ಡಿ ಟೀಮಿನ ಕ್ಯಾಪ್ಟನ್ ಆದ. ಊರ ಜಾತ್ರ್ಯಾಗ ಅವಗ ಶಾಲು ಹಾಕಿ ಸತ್ಕಾರ ಮಾಡಿದ್ರು. ನಮ್ಮವ್ವ ಅವತ್ತ ತೇರು ನೋಡಾಕ ಹೋಗಲಿಲ್ಲ.

ನೀವು ಎನ್‌ಬಿಎ ಅಂತೀರಿ, ನನ್ನ ಮಗನೂ ನೋಡ್ತಾನ. ಮೈಲ್ಸ್ ಬ್ರಿಡ್ಜಸ್ ಅಂತ ಅದಾನಲ್ಲ, ತನ್ನ ಮಕ್ಕಳ ತಾಯಿ ಮ್ಯಾಲೆ ಕೈ ಮಾಡಿದ ಕೇಸಿನಾಗ 2022ರಾಗ ಆರೋಪಕ್ಕ ಎದುರು ವಾದಾನೇ ಮಾಡಲಿಲ್ಲ, ಶಿಕ್ಷಾ ಒಪ್ಪಕೊಂಡ. 3 ವರ್ಷ ಪ್ರೊಬೇಷನ್ ಆತು. ಎನ್‌ಬಿಎ 30 ಆಟ ಅಮಾನತು ಮಾಡಿತು, ಅದರಾಗ 20 ಆಗಲೇ ಮುಗದಾವು ಅಂತ ಲೆಕ್ಕಾ ಹಾಕಿತು. 2024ರಾಗ ಅವನ ಅದ ಹಳೇ ಟೀಮಿನಿಂದ 3 ವರ್ಷಕ್ಕ 7.5 ಕೋಟಿ ಡಾಲರ್ ಒಪ್ಪಂದ. ಅಂವ 20 ಪಾಯಿಂಟ್ ಹೊಡೆಯೂ ಆಟಗಾರ ಅಲ್ಲದಿದ್ರ ಯಾರರ ಕರೀತಿದ್ರೇನು?

ಮಾಸ್ತರ್ರ, ಸಿಟ್ಟು ಮಾಡಕೋಬ್ಯಾಡ್ರಿ. ಆ ಹುಡುಗ ಚಂದ ಆಡ್ತಾನಂತ ತಗೋಳಾಕ ಹೊಂಟಿದ್ರ ತಗೋಬ್ಯಾಡ್ರಿ. ಆಟ ಬರಲಾರದ ಹುಡುಗ ಜೈಲಿನಿಂದ ಬಂದಿದ್ರೂ ಹಿಂಗ ನಿದ್ದಿ ಕೆಡಸ್ಕೋತಿದ್ರೇನು? ಹೌದು ಅಂತ ನಿಮ್ಮ ಎದೀ ಹೇಳಿದ್ರ ತಗೋರಿ. ಅದಕ್ಕೂ ಮೊದಲ ಪೆಟ್ಟು ತಿಂದವರ ಮನೀ ಬಾಗಲಾ ಬಡದು ಬರ್ರಿ.

ನವನಗರ ಪಿ.ಟಿ. ಮಾಸ್ತರ (ಬಾಗಲಕೋಟೆ)

ಅಕ್ಕಾರ, ನಿಮ್ಮ ಮಾತು ಓದಿ ಎರಡು ದಿನ ಉತ್ತರಾ ಬರಿಯಾಕ ಆಗಲಿಲ್ಲ. ನಿಮ್ಮ ಪ್ರಶ್ನೆಗೆ ಖರೇ ಉತ್ತರ ಅಂದ್ರ, ಇಲ್ಲ. ಆಟ ಬರಲಾರದ ಹುಡುಗ ಆಗಿದ್ರ ನಾ ಇಲ್ಲಿ ಬರೀತಿದ್ದಿಲ್ಲ. ಅದನ್ನ ಒಪ್ಪಕೊಳ್ಳಾಕ ನನಗ ಭಾಳ ತ್ರಾಸ ಆತು.

ನಿನ್ನೆ ಪೆಟ್ಟು ತಿಂದ ಹುಡುಗನ ಮನೀಗೆ ಹೋಗಿದ್ದೆ. ಆ ಹುಡುಗ ಮೊದಲ ವೆಲ್ಡಿಂಗ್ ಕೆಲಸ ಮಾಡ್ತಿದ್ದ. ಈಗ ಒಂದು ಮೊಬೈಲ್ ಅಂಗಡ್ಯಾಗ ಅದಾನ. ಚಹಾದ ಕಪ್ಪು ಬಲಗೈಯಿಂದ ಹಿಡದು ಬಾಯಿತನಕ ತರಾಕ ಆಗೂದಿಲ್ಲ, ಅರ್ಧಕ್ಕ ನಿಲ್ತೇತಿ. ಎಡಗೈಗೆ ಬದಲಿ ಮಾಡಕೊಂಡು ಕುಡದ. ನಾ ಬಂದ ವಿಷಯ ಹೇಳಿದೆ. ಭಾಳ ಹೊತ್ತು ಸುಮ್ಮನಿದ್ದು ಅಂದ: "ಆಡ್ಲಿ ಬಿಡ್ರಿ ಸರ್. ನಾ ಬ್ಯಾಡ ಅಂದ್ರ ನನ್ನ ಕೈ ಏನ್ ಸರಿ ಆಗ್ತೈತೇನು? ಆದ್ರ ಅಂವ ಇವತ್ತಿಗೂ ನನ್ನ ಮುಂದ ಬಂದು ನಿಂತಿಲ್ಲ. ನಮ್ಮ ಓಣ್ಯಾಗ ಜೋರಾಗಿ ಬೈಕ್ ಹೊಡಕೊಂಡು ಹೋಗ್ತಾನ, ನಮ್ಮವ್ವ ಅಂಜತಾಳ. ಅದನ್ನ ಬಿಡಸ್ರಿ."

ಸಂಜೀಕ ನಮ್ಮ ಹುಡುಗನ್ನ ಕರದು ಇಷ್ಟೂ ಹೇಳೇನಿ. ಈ ಟೂರ್ನಮೆಂಟಿಗೆ ಅವನ್ನ ಇಳಸೂದಿಲ್ಲ. ಆ ಮನೀಗೆ ಹೋಗಿ ಬಂದ ಮ್ಯಾಲೆ ಪ್ರ್ಯಾಕ್ಟೀಸಿಗೆ ಬರಬಹುದು, ದೊಡ್ಡವರ ಬ್ಯಾಚಿಗೆ. ತಂದಿ-ತಾಯಿಗಳಿಗೂ ಇದನ್ನ ಹೇಳೇನಿ, ಇಬ್ಬರು ಒಪ್ಯಾರ, ಇನ್ನಿಬ್ಬರು ನೋಡೂಣು ಅಂದಾರ. ಹುಡುಗ ತಲಿ ತಗ್ಗಿಸಿ ಕೇಳಿದ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೋಗುಮುಂದ ಗೇಟಿನತನಕ ಬೈಕ್ ಚಾಲೂ ಮಾಡದ ದಬ್ಬಿಕೊಂಡು ಹೋದ.