ಕಾರ್ಬನ್ ಬ್ರಷ್‌ಗೆ ಕನ್ನಡದಲ್ಲಿ ಏನು? (ತುರ್ತು)

ಡ್ರಿಲ್ ಮೆಷಿನ್ನಿನ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಸ್ಪ್ರಿಂಗಿನ ಒತ್ತಡದಲ್ಲಿ ಕಮ್ಯುಟೇಟರಿಗೆ (ಮೋಟಾರಿನೊಳಗೆ ತಿರುಗುವ ತಾಮ್ರದ ಉರುಳೆಗೆ) ತಾಗಿಕೊಂಡು ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್‌ಗೆ ಏನು ಬರೆಯಲಿ? ಸದ್ಯಕ್ಕೆ ಹೀಗಿದೆ: "ಕುಂಚವು 6 ಮಿ.ಮೀ. ಸವೆದಿದ್ದರೆ ಬದಲಿಸಿ."
— ಸುಮಾ

> ಕುಂಚವು

ಬೇಡವೇ ಬೇಡ. ಕುಂಚದಲ್ಲಿ ಬಣ್ಣ ಬಳಿಯುತ್ತಾರೆ. ಇದು ಒಂದು ಕೂದಲೂ ಇಲ್ಲದ ಗ್ರಾಫೈಟ್ ತುಂಡು. ಮೊದಲ ಡೈನಮೋಗಳಲ್ಲಿ ತಾಮ್ರದ ತಂತಿಯ ಕಟ್ಟು ಇರುತ್ತಿತ್ತು, ಅದಕ್ಕೆ ಬ್ರಷ್ ಎಂದರು. 1885ರಲ್ಲಿ ಜಾರ್ಜ್ ಫೋರ್ಬ್ಸ್ ಕಾರ್ಬನ್ನಿಗೆ ಪೇಟೆಂಟ್ ಪಡೆದ ಮೇಲೂ ಹಳೇ ಹೆಸರೇ ಉಳಿಯಿತು. ಅದನ್ನು ನಾವೇಕೆ ಹೊರಬೇಕು? ಉಜ್ಜುವಂಥದು "ಉಜ್ಜುಗ". ಮುಗಿಯಿತು.
— ಕೆ.ವಿ.

ಮುಗಿಯಲಿಲ್ಲ. ಉಜ್ಜುಗ ಉದ್ಯೋಗದ ತದ್ಭವ. "ಉಜ್ಜುಗ ಬದಲಿಸಿ" ಎಂದು ಓದಿದವನು ರಾಜೀನಾಮೆ ಬರೆದಾನು. ಬಾಚುವುದಕ್ಕೆ ಬಾಚಣಿಗೆ ಇರುವಾಗ ಉಜ್ಜುವುದಕ್ಕೆ ಉಜ್ಜಣಿಗೆ.
— ಶ್ರೀ

ಪದ ಹಾಗಿರಲಿ, ವಾಕ್ಯವೇ ತಪ್ಪು. 6 ಮಿ.ಮೀ. ಸವೆದಾಗಲೋ, 6 ಮಿ.ಮೀ. ಉಳಿದಾಗಲೋ? ಉಳಿದಾಗ. ಬ್ರಷ್ ಮೇಲೆ ಮಿತಿಗೆರೆ ಇದ್ದರೆ ಅದನ್ನೇ ನೋಡಬೇಕು. ಹೀಗೆ ಬರೆಯಿರಿ: "ಪ್ಲಗ್ ಕಿತ್ತಿಡಿ. ಎರಡೂ ಬದಿಯ ಮುಚ್ಚಳ ಬಿಚ್ಚಿ. ಒಂದೇ ಸವೆದಿದ್ದರೂ ಜೋಡಿಯಾಗಿ ಬದಲಿಸಿ. ಹೊಸದು ಗೂಡಿನಲ್ಲಿ ಸಲೀಸಾಗಿ ಜಾರಬೇಕು." ಬಿಗಿಯಾದರೆ ಸ್ಪ್ರಿಂಗ್ ತಳ್ಳಲಾರದು, ಕಿಡಿ ಹಾರಿ ಕಮ್ಯುಟೇಟರ್ ಸುಡುತ್ತದೆ. ಹಾಕಿದ ಮೇಲೆ ಭಾರವಿಲ್ಲದೆ ಐದು ನಿಮಿಷ ಓಡಿಸಿದರೆ ಬ್ರಷ್ಷಿನ ತುದಿ ಕಮ್ಯುಟೇಟರಿನ ದುಂಡಿಗೆ ಕೂರುತ್ತದೆ. ಇನ್ನು ಅಂಗಡಿಯಲ್ಲಿ "ಉಜ್ಜಣಿಗೆ ಕೊಡಿ" ಎಂದರೆ ಪಾತ್ರೆ ತಿಕ್ಕುವ ನಾರು ಕೊಡುತ್ತಾರೆ. ರಿಪೇರಿಯವರ ಬಾಯಲ್ಲಿ ಇದು ಬರೀ "ಕಾರ್ಬನ್".
— ನಾ.

ಅಂಗಡಿಯವರೇ ನಿಘಂಟು ಬರೆಯಲಿ ಬಿಡಿ. ಹೀಗೇ ಒಂದೊಂದನ್ನೂ ಒಪ್ಪಿಕೊಂಡು ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.
— ಕೆ.ವಿ.

ನೀವು ಪುಸ್ತಕವಿಡುವ ಅಲಮಾರು, ಉಡುವ ಬಟ್ಟೆಯ ಇಸ್ತ್ರಿ ಎರಡೂ ಪೋರ್ಚುಗೀಸರಿಂದ ಬಂದವು. ಮೊದಲು ಅವನ್ನು ವಾಪಸು ಕೊಡಿ. ಅಂದಹಾಗೆ ಈಗ ಬ್ರಷ್‌ಲೆಸ್ ಡ್ರಿಲ್ಲುಗಳೂ ಬಂದಿವೆ. ಅವು ನಿರುಜ್ಜುಗಿಗಳೋ?
— ನಾ.

"ಉಜ್ಜಣಿಗೆಯಿಲ್ಲದ" ಎನ್ನಬಹುದು. ನಿರ್ ಸಂಸ್ಕೃತ, ಅದನ್ನು ಕನ್ನಡ ಧಾತುವಿಗೆ ಅಂಟಿಸಬೇಡಿ.
— ಶ್ರೀ

"ಕಾರ್ಬನ್ ಬ್ರಷ್" ಎಂದೇ ಹಾಕಿದೆ, ವಾಕ್ಯ ನಾ. ಅವರದು. ಮುಂದಿನ ಪುಟದಲ್ಲಿ ಚಕ್ (ಡ್ರಿಲ್ ಬಿಟ್ ಹಿಡಿಯುವ ಬಾಯಿ) ಇದೆ...
— ಸುಮಾ

ಚಕ್ ಚಕ್ಕೇ ಇರಲಿ. ಎರಡೂ ಕಡೆ ತಿರುಗುವ ಡ್ರಿಲ್ಲಾದರೆ ಚಕ್ಕಿನ ಒಳಗಿನ ಸ್ಕ್ರೂ ಎಡಮರೆಯದು, ಅಂದರೆ ಅದರ ಸುತ್ತು ಉಲ್ಟಾ; ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಆ ಸಾಲು ಬಿಟ್ಟುಹೋದರೆ ಸ್ಕ್ರೂವಿನ ತಲೆ ಕಿತ್ತುಬರುತ್ತದೆ.
— ನಾ.