ಆಂಡ್ರಾಯ್ಡ್‌ಗೆ ‘ಮನಸ್ಸು ಬಂತು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಜಪಾನಿ ಭಾಷೆಯ ‘ಕೊಕೊರೊ’ ಎಂಬ ಪದಕ್ಕೆ ಕನ್ನಡದಲ್ಲಿ ಏನು ಹೇಳುವುದು? ನಿಘಂಟಿನ ಅರ್ಥ (ಮನಸ್ಸು, ಹೃದಯ) ಗೊತ್ತಿದೆ, ವಾಕ್ಯದಲ್ಲಿ ಕೂರುವ ಪದ ಬೇಕು. ‘ಟೆಕ್ನೊರಾಯ್ಡ್ ಓವರ್‌ಮೈಂಡ್’ ಎಂಬ ಅನಿಮೆ (ಜಪಾನಿನ ಅನಿಮೇಶನ್) ಸರಣಿಯ ಬಗ್ಗೆ ಬರೆಯುತ್ತಿದ್ದೇನೆ. ಸರಣಿ ನಿಂತಿರುವುದು ಆ ಒಂದು ಪದದ ಮೇಲೆ, ನನ್ನ ಬರಹ ನಿಂತುಹೋಗಿರುವುದೂ ಅಲ್ಲೇ.

ಸಂದರ್ಭ ಹೇಳಿಬಿಡುತ್ತೇನೆ. ಡೋಗಾ ಕೋಬೊ ಸ್ಟುಡಿಯೊ ಮಾಡಿದ 12 ಕಂತುಗಳ ಸರಣಿ ಇದು. 2022ರ ಜುಲೈಗೆ ಬರಬೇಕಿದ್ದದ್ದು ಕೋವಿಡ್‌ನಿಂದಾಗಿ 2023ರ ಜನವರಿಗೆ ಹೋಯಿತು. ಕಡಲು ಏರಿ ನೆಲ ಮುಳುಗಿರುವ ಮುಂದಿನ ಕಾಲ. ಮನುಷ್ಯರು ಮಾಡುತ್ತಿದ್ದ ಕೆಲಸಗಳು ಆಂಡ್ರಾಯ್ಡ್‌ಗಳ (ಫೋನಿನದಲ್ಲ, ಮನುಷ್ಯರೂಪದ ಯಂತ್ರಗಳ) ಪಾಲಾಗಿವೆ. ಕೋಬಾಲ್ಟ್, ಕ್ರೋಮ್, ನಿಯಾನ್, ಕೇ ಎಂಬ ನಾಲ್ಕು ಆಂಡ್ರಾಯ್ಡ್‌ಗಳು ಕರೆಂಟ್ ಬಿಲ್ ಕಟ್ಟಲು ದುಡ್ಡಿಲ್ಲದೆ ‘ಬೇಬೆಲ್’ ಗೋಪುರದಲ್ಲಿ ಹಾಡಿ ಕುಣಿದು ಐಡಲ್‌ಗಳಾಗಲು (ಅಭಿಮಾನಿಗಳ ಮುಂದೆ ಹಾಡಿ ಕುಣಿಯುವ ತಾರೆಗಳಾಗಲು) ಹೊರಡುತ್ತವೆ. ತನ್ನ ಉಸಿರಿನ ಬಿಲ್ಲನ್ನು ತಾನೇ ಹಾಡಿ ತೀರಿಸಬೇಕಾದ ಗಾಯಕ! ಇಂಥ ಎಳೆ ಕೈಗೆ ಸಿಕ್ಕರೆ ಹಿಡಿದು ಜಗ್ಗಬೇಕಲ್ಲವೇ? ಸರಣಿ ಮಾಡಿದವರು ಅದನ್ನು ನಗೆಚಾಟಿಕೆಗೆ ಬಳಸಿ ಮುಂದೆ ಹೋಗುತ್ತಾರೆ. ಮುಳುಗಿದ ಲೋಕ ಹಿಂದಿನ ಪರದೆಯ ಚಿತ್ರವಾಗಿಯೇ ಉಳಿಯುತ್ತದೆ. ‘ಆಂಡ್ರಾಯ್ಡ್‌ಗೆ ಕೊಕೊರೊ ಇದೆಯೇ’ ಎಂಬ ದೊಡ್ಡ ಪ್ರಶ್ನೆಯನ್ನಾದರೂ ಕೆದಕುತ್ತಾರೆಂದು ಕಾದೆ. ಹಾಡು ಹಾಡಿನ ನಡುವೆ ಅದನ್ನು ಜಪಿಸಿದರು, ಅಷ್ಟೆ.

‘ಐಡಲ್’ ಪದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ‘ಆರಾಧ್ಯದೈವ’ ಎನ್ನುವುದು ಅಭಿಮಾನಿಯ ಮಾತು, ಜಪಾನಿನಲ್ಲಿ ಐಡಲ್ ಎನ್ನುವುದು ಒಂದು ಉದ್ಯೋಗ. ‘ವಿಗ್ರಹ’ ಅಂತೂ ದೇವರ ಕೋಣೆಗೆ ಹೋಗುತ್ತದೆ. ಅಂದಹಾಗೆ ಐಡಲ್‌ನ ಮೂಲವೂ ಆಂಡ್ರಾಯ್ಡ್‌ನ ಕೊನೆಯ ತುಂಡಿನ ಮೂಲವೂ ಗ್ರೀಕಿನ ‘ಐದೊಸ್’ ಎಂಬ ಒಂದೇ ಪದ; ಅರ್ಥ ‘ರೂಪ’. ಎರಡೂ ಕಡೆ ರೂಪವೇ ಇರುವುದು ಈ ಸರಣಿಗೆ ಚೆನ್ನಾಗಿ ಒಪ್ಪುತ್ತದೆ.

ಈಗ ಕೊಕೊರೊ. ಎದೆಗೂಡಿನಲ್ಲಿ ಮಿಡಿಯುವ ಅಂಗಕ್ಕೆ ಜಪಾನಿಯಲ್ಲಿ ‘ಶಿಂಜೊ’ ಎಂಬ ಬೇರೆ ಪದವಿದೆ. ಯೋಚನೆ, ಭಾವನೆ, ಇಚ್ಛೆ ಮೂರೂ ಕೂಡಿದ್ದು ಕೊಕೊರೊ. ‘ಆಂಡ್ರಾಯ್ಡ್‌ಗೆ ಕೊಕೊರೊ ಇಲ್ಲ’ ಎನ್ನುವುದನ್ನು ಕನ್ನಡಕ್ಕೆ ತರಲು ಹೋದರೆ ಒಂದೊಂದು ಪದವೂ ಒಂದೊಂದು ಕಡೆಗೆ ಎಳೆಯುತ್ತದೆ. ‘ಹೃದಯವಿಲ್ಲ’ ಎಂದರೆ ಕ್ರೂರಿ. ‘ಎದೆಯಿಲ್ಲ’ ಎಂದರೆ ಪುಕ್ಕಲ. ‘ಕರುಳಿಲ್ಲ’ ಎಂದರೆ ಕನಿಕರವಿಲ್ಲದವನು. ‘ಅಂತಃಕರಣ’ ವೇದಾಂತದಲ್ಲಿ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ನಾಲ್ಕೂ ಸೇರಿದ್ದು, ಅಗಲದಲ್ಲಿ ಕೊಕೊರೊಗೆ ಬಹಳ ಹತ್ತಿರ. ಆದರೆ ಇಂದಿನ ಓದುಗರು ಅದನ್ನೂ ಕರುಣೆ ಎಂದೇ ಓದುತ್ತಾರೆ. ಹಳಗನ್ನಡದ ‘ಬಗೆ’ ಎಷ್ಟು ಚೆಂದದ ಪದ! ಈಗ ‘ಬಗೆಯಿಲ್ಲ’ ಎಂದರೆ ಅಂಗಡಿಯಲ್ಲಿ ಬೇರೆ ನಮೂನೆಯ ಸೀರೆ ಇಲ್ಲ ಎಂದುಕೊಂಡಾರು.

ಉಳಿದದ್ದು ‘ಮನಸ್ಸು’. ಇದರ ತೊಡಕೇ ಬೇರೆ. ‘ಕೋಬಾಲ್ಟ್‌ಗೆ ಮನಸ್ಸಿಲ್ಲ’ ಎಂದರೆ ಹಾಡಲು ಅವನಿಗೆ ಇಷ್ಟವಿಲ್ಲ ಎಂದಾಯಿತು. ‘ಎಂಬುದು’ ಸೇರಿಸಿ ‘ಆಂಡ್ರಾಯ್ಡ್‌ಗಳಿಗೆ ಮನಸ್ಸೆಂಬುದಿಲ್ಲ’ ಎಂದರೆ ಸರಿಹೋಗುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ. ಆದರೆ ಕಥೆಯ ತುದಿಗೆ ಬೇಕಾಗುವುದು ಇಲ್ಲ ಎನ್ನುವ ಮಾತಲ್ಲ, ಇದೆ ಎನ್ನುವ ಮಾತು. ‘ಕೊನೆಗೂ ಕೋಬಾಲ್ಟ್‌ಗೆ ಮನಸ್ಸು ಬಂತು’ ಎಂದು ಬರೆದು ಓದಿಕೊಂಡೆ: ಹೆಣ್ಣು ನೋಡಲು ಹೋದವನು ಒಪ್ಪಿದ ಹಾಗಿದೆ.

ಇನ್ನೊಂದು ಇಕ್ಕಟ್ಟು ಕನ್ನಡದ್ದೇ. ಜಪಾನಿ ಕ್ರಿಯಾಪದಕ್ಕೆ ಲಿಂಗವಿಲ್ಲ, ಆಂಡ್ರಾಯ್ಡ್ ಹಾಡಿದರೂ ಹುಡುಗ ಹಾಡಿದರೂ ಒಂದೇ ರೂಪ. ಕನ್ನಡದಲ್ಲಿ ‘ಹಾಡಿದ’ ಎಂದೊಡನೆ ಕೋಬಾಲ್ಟ್ ಮನುಷ್ಯನಾಗಿಬಿಟ್ಟ, ಪ್ರಶ್ನೆಗೆ ಮೊದಲ ಸಾಲಿನಲ್ಲೇ ಉತ್ತರ ಬಂದುಬಿಟ್ಟಿತು. ‘ಹಾಡಿತು’ ಎಂದರೆ ಅದು ಬರೀ ಯಂತ್ರ. ನೋಡಿ, ಮೇಲೆ ನಾನೇ ‘ಹೊರಡುತ್ತವೆ’ ಎಂದೂ ‘ಅವನಿಗೆ’ ಎಂದೂ ಎರಡು ಕಡೆಯೂ ಕಾಲಿಟ್ಟಿದ್ದೇನೆ. ಮಗುವೂ ಕನ್ನಡದಲ್ಲಿ ‘ಅತ್ತಿತು’, ‘ನಕ್ಕಿತು’. ಅದಕ್ಕೆ ಮನಸ್ಸಿಲ್ಲ ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ನಪುಂಸಕದಲ್ಲೇ ಶುರುಮಾಡಿ ಯಾವುದೋ ಒಂದು ಘಟ್ಟದಲ್ಲಿ ‘ಹಾಡಿತು’ವನ್ನು ಸದ್ದಿಲ್ಲದೆ ‘ಹಾಡಿದ’ ಮಾಡೋಣವೆಂದಿದ್ದೇನೆ. ಮೂಲದಲ್ಲಿ ಇಲ್ಲದ ಬಿಗಿ ಅದರಿಂದ ಬಂದರೂ ಬರಬಹುದು!

ಇನ್ನೊಂದು ಕೋರಿಕೆ. ಸಂಸ್ಕೃತದ ಹಳೆಯ ಕಥೆಗಳ ಸಂಗ್ರಹವಾದ ಕಥಾಸರಿತ್ಸಾಗರದಲ್ಲಿ ಸೋಮಪ್ರಭೆ ಎಂಬವಳು ಬುಟ್ಟಿಯಲ್ಲಿ ಮರದ ಯಂತ್ರದ ಬೊಂಬೆಗಳನ್ನು ತರುತ್ತಾಳೆ. ಕೀಲು ಮುಟ್ಟಿದರೆ ಒಂದು ಹಾರಿಹೋಗಿ ಹೂಮಾಲೆ ತರುತ್ತದೆ, ಒಂದು ಕುಣಿಯುತ್ತದೆ, ಒಂದು ಮಾತಾಡುತ್ತದೆ. ಅಂಥ ಬೊಂಬೆಗೆ ಮನಸ್ಸು, ಜೀವ, ಚೇತನ ಇದೆ ಅಥವಾ ಇಲ್ಲ ಎಂದು ಹೇಳುವ ಪ್ರಯೋಗ ಹಳೆಯ ಕನ್ನಡ ಕಾವ್ಯಗಳಲ್ಲಿ ಕಂಡವರು ಸಾಲು ಸಮೇತ ತಿಳಿಸಿದರೆ ಉಪಕಾರವಾಗುತ್ತದೆ. ‘ಚೇತನ’ವನ್ನು ನಾನು ಬಿಟ್ಟಿದ್ದು ಅದು ಜೀವದ ಕಡೆ ವಾಲುತ್ತದೆಂದು, ಬೇರೆ ಅಭಿಪ್ರಾಯವಿದ್ದರೆ ಹೇಳಿ.

ಸದ್ಯಕ್ಕೆ ‘ಮನಸ್ಸು ಮೂಡಿತು’ ಎಂದು ಇಟ್ಟಿದ್ದೇನೆ. ಧಾರವಾಡದ ಕಡೆಯವರು, ಕರಾವಳಿಯವರು ಹೇಳಬೇಕು: ನಿಮ್ಮ ಕಿವಿಗೆ ಅದು ‘ಮನಸ್ಸೆಂಬುದೊಂದು ಹುಟ್ಟಿತು’ ಎಂದು ಕೇಳಿಸುತ್ತದೆಯೇ, ‘ಯಾರ ಮೇಲೋ ಪ್ರೀತಿ ಹುಟ್ಟಿತು’ ಎಂದೇ?